ಗಾಲಿ ಉರುಳಿದ ಮೇಲಿನ ಪಗಾರ

ಅವತ್ತು ಮುಂಜಾನೆಯೂ ಬಸವೇಶ್ವರಿ ರೊಟ್ಟಿ ಬಡಿಯುತ್ತಿದ್ದಂತೆ ಮೇಲಿನ ಮನೆಯ ಮುದುಕಿ ಕೋಲಿನಿಂದ ನೆಲ ಕುಟ್ಟಿದಳು. ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದು ಎರಡು ವರ್ಷವಾಗಿತ್ತು. ಆ ಮುದುಕಿಗೆ ಇನ್ನೂ ರೊಟ್ಟಿಯ ಸದ್ದು ರೂಢಿಯಾಗಿರಲಿಲ್ಲ. ಬಸವೇಶ್ವರಿಗೆ ಮಾತ್ರ ಕೋಲಿನ ಸದ್ದು ರೂಢಿಯಾಗಿತ್ತು. ಅದು ಕುಟ್ಟಿದ ತಾಳಕ್ಕೇ ಅವಳು ಬಡಿಯುತ್ತಿದ್ದಳು.

ಗಂಡ ಮಹಾಲಿಂಗಪ್ಪ ಅಡುಗೆಮನೆಯ ಮೇಜಿಗೆ ಕೂತು ಮಗಳ ಕಾಗದದ ಲಾಟೀನಿಗೆ ಸಣ್ಣ ಬಲ್ಬು ಕೂಡಿಸುತ್ತಿದ್ದ. ನವೆಂಬರಿನಲ್ಲಿ ಒಂದು ಸಂಜೆ ಅಲ್ಲಿನ ಮಕ್ಕಳೆಲ್ಲ ಲಾಟೀನು ಹಿಡಿದು ಹಾಡುತ್ತ ಓಣಿ ಸುತ್ತುತ್ತಾರೆ. ಆ ಸಂಜೆ ಅಂದೇ ಇತ್ತು. ಮಗಳು ಶ್ರೀದೇವಿ ನಾಲ್ಕು ದಿನದಿಂದ ಅದೇ ಜಪ ಮಾಡುತ್ತಿದ್ದಳು.

ಮಹಾಲಿಂಗಪ್ಪ ಬಸವೇಶ್ವರಿಯ ಅವ್ವನ ತಮ್ಮ. ಮುಧೋಳದ ಕಡೆಯವರು. ಏಳನೆಯ ಇಯತ್ತೆಗೆ ಅವಳ ಸಾಲೆ ಬಿಡಿಸಿದರು, ಮುಂದೆ ಅವನಿಗೇ ಕೊಟ್ಟರು. ಅವನು ಎಂಜಿನಿಯರು, ಅವಳಿಗೆ ಇಂಗ್ಲಿಷಿನಲ್ಲಿ ಹೆಸರು ಬರೆಯುವುದಷ್ಟೇ ಗೊತ್ತು. ಅದನ್ನು ಅವನು ಒಂದು ದಿನವೂ ಎತ್ತಿ ಆಡಲಿಲ್ಲ. ಕಂಪ್ಯೂಟರ್ ಬಲ್ಲವರಿಗೆ ಜರ್ಮನಿ ಗ್ರೀನ್ ಕಾರ್ಡ್ ಕೊಡುತ್ತದೆ ಎಂದು ಪೇಪರಿನಲ್ಲಿ ಬಂದ ವರ್ಷವೇ ಅರ್ಜಿ ಹಾಕಿ ಹೆಂಡತಿ ಮಗಳ ಸಮೇತ ಬಂದುಬಿಟ್ಟ. ಅವನಿದ್ದ ಸಣ್ಣ ಕಂಪನಿ ಒಂದು ಚಾರ್ಟರ್ ವಿಮಾನ ಕಂಪನಿಯ ಪೈಲಟ್‌ಗಳಿಗೆ ಪಗಾರ ಲೆಕ್ಕ ಹಾಕುವ ಪ್ರೋಗ್ರಾಂ ನಡೆಸುತ್ತಿತ್ತು. ಅವನ ಹೆಸರು ಅಲ್ಲಿ ಯಾರ ಬಾಯಲ್ಲೂ ಹೊರಳಲಿಲ್ಲ. ಹೆರ್ ಮಹಾ, ಅಂದರೆ ಮಹಾ ಸಾಹೇಬರು, ಅಂದರು. ಅವನಿಗೆ ಅದು ಸಾಕಾಗಿತ್ತು.

ಆ ವಾರ ಪಗಾರ ಮುಗಿಸುವ ವಾರ. ಮನೆಗೆ ಬರುವುದು ಎಷ್ಟೋ ಸಲ ಕೊನೆಯ ಟ್ರ್ಯಾಮಿಗೆ. ಅದೂ ತಪ್ಪಿದರೆ ಆಫೀಸಿನ ಸೋಫಾದ ಮೇಲೆ ಒರಗುತ್ತಿದ್ದ. ಪೈಲಟ್‌ಗಳಿಗೂ ಎಲ್ಲರಂತೆ ತಿಂಗಳಿಗಿಷ್ಟು ಎಂದು ಕೊಟ್ಟು ಕೈತೊಳೆದುಕೊಳ್ಳಬಾರದೇ ಎಂದು ಅವಳು ಕೇಳಿದಳು. ಅವನು ಹಂಚಿನ ಕಡೆ ಬೆರಳು ಮಾಡಿದ.

“ಅಲ್ನೋಡು. ರೊಟ್ಟಿ ಹಂಚಿನ ಮ್ಯಾಲ ಬಿತ್ತು, ಲೆಕ್ಕ ಚಾಲೂ. ಎಬ್ಬಿಸಿದಿ, ಬಂದ್. ಪೈಲಟ್‌ಗೂ ಅಷ್ಟ. ನಿಂತಲ್ಲಿ ಬ್ರೇಕ್ ಬಿಟ್ಟು ಗಾಲಿ ಉರುಳಿದ್ರ ತಾಸು ಚಾಲೂ. ಆ ಊರಿಗೆ ಮುಟ್ಟಿ ನಿಂತು ಬ್ರೇಕ್ ಹಾಕಿದ್ರ ಬಂದ್.”

“ಮತ್ತ ಹಿಟ್ಟು ನಾದೂದು?”

“ಲೆಕ್ಕಕ್ಕಿಲ್ಲ.”

“ಹಂಚು ಕಾಯೂತನಕ ಕಾಯೂದು?”

“ಲೆಕ್ಕಕ್ಕಿಲ್ಲ.”

“ಭಾಂಡೆ ತಿಕ್ಕೂದು?”

“ಅದಂತೂ ಯಾವ ದೇಶದಾಗೂ ಲೆಕ್ಕಕ್ಕಿಲ್ಲ.”

“ಹಂಗಾದ್ರ ನಾನೂ ಪೈಲಟ್ಟ ಬಿಡ್ರಿ ಮಾಮಾ.”

ಅವನು ನಕ್ಕ. ಮೇಲಿನಿಂದ ಕೋಲಿನ ಸದ್ದು ಬಂತು. ನಗುವಿಗೂ ಕೋಲೇ.

ರೊಟ್ಟಿ ಮುರಿಯುತ್ತ ಮತ್ತಷ್ಟು ಹೇಳಿದ. ಪೈಲಟ್ ಮುಂಚೆಯೇ ಬಂದು ಹವಾಮಾನ ಓದಬೇಕು, ಎಣ್ಣೆಯ ಲೆಕ್ಕ ನೋಡಬೇಕು, ಮಂದಿ ಹತ್ತಿ ಕೂಡುವತನಕ ಕಾಯಬೇಕು. ಅದ್ಯಾವುದಕ್ಕೂ ತಾಸಿನ ದುಡ್ಡಿಲ್ಲ. ಆಫ್ರಿಕಾದಂಥ ದೂರದ ದಾರಿಗೆ ಒಬ್ಬ ಪೈಲಟ್ ಹೆಚ್ಚಿಗೆ ಇರುತ್ತಾನೆ, ಸರದಿಯ ಮೇಲೆ ಹಿಂದಿನ ಗೂಡಿನಲ್ಲಿ ಮಲಗುತ್ತಾರೆ. ಮಲಗಿದ ತಾಸು ಈ ಕಂಪನಿಯ ಕರಾರಿನಲ್ಲಿ ಅರ್ಧ. ಪರದೇಶದ ಹೋಟೆಲಿನಲ್ಲಿ ಎರಡು ದಿನ ಬಿದ್ದುಕೊಂಡರೆ ಊಟದ ಭತ್ಯೆ ಅಷ್ಟೇ. ತಿಂಗಳಿಗೆ ಇಷ್ಟು ತಾಸು ಎಂದು ಖಾತ್ರಿಯ ಪಗಾರ ಇರುತ್ತದೆ. ಅದು ದಾಟಿದರೆ ಒಂದೊಂದು ತಾಸಿಗೂ ಹೆಚ್ಚಿನ ದರ, ಅದಕ್ಕೇ ಒಂದೊಂದು ತಾಸಿಗೂ ಜಗಳ. ಎಲ್ಲಕ್ಕಿಂತ ಫಜೀತಿ ಎಂದರೆ, ಬ್ರೇಕ್ ಬಿಟ್ಟು ಹೊರಟ ವಿಮಾನ ಏನೋ ಕೆಟ್ಟು ಮತ್ತೆ ನಿಂತಲ್ಲಿಗೇ ಬಂದರೆ ತಾಸು ಯಾವಾಗಿನಿಂದ ಹಿಡಿಯಬೇಕು? ಮೊದಲ ಸಲ ಬ್ರೇಕ್ ಬಿಟ್ಟಾಗಿನಿಂದಲೋ, ಎರಡನೆಯ ಸಲದಿಂದಲೋ?

“ನೀವೇನಂತೀರಿ?” ಅಂದಳು.

“ಮೊದಲ ಸಲದಿಂದ ಅಂತ ಕರಾರಿನಾಗ ಐತಿ. ನಮ್ಮ ಮಷಿನ್ ಒಮ್ಮೊಮ್ಮೆ ಮರೀತೈತಿ.”

ಪೈಲಟ್‌ನ ಒಂದೊಂದು ತಾಸು ಹಿಡಿಯುವವನ ಸ್ವಂತ ತಾಸು ಹೇಗೆ ಹೋಗುತ್ತಿತ್ತು ಎಂಬುದು ಬೇರೆ ಕಥೆ. ಜರ್ಮನಿಯಲ್ಲಿ ದಿನಕ್ಕೆ ಹತ್ತು ತಾಸಿನ ಮೇಲೆ ದುಡಿಸಬಾರದು ಎಂದು ಕಾಯ್ದೆ ಇದೆ. ಬಾಗಿಲ ಹತ್ತಿರ ಒಂದು ಗಡಿಯಾರದ ಪೆಟ್ಟಿಗೆ. ಕಾರ್ಡು ತೂರಿಸಿದರೆ ಟಿಣ್ ಅನ್ನುತ್ತದೆ. ಜರ್ಮನ್ ಮಂದಿ ಟಿಣ್ ಅನಿಸಿ ಮನೆಗೆ ಹೋಗುತ್ತಿದ್ದರು. ಗ್ರೀನ್ ಕಾರ್ಡಿನ ಹುಡುಗರು ಟಿಣ್ ಅನಿಸಿ ಮತ್ತೆ ಒಳಗೆ ಹೋಗಿ ಕೂಡುತ್ತಿದ್ದರು. ಗುಡಿಯಲ್ಲಿ ಗಂಟೆ ಬಾರಿಸಿ ಒಳಗೆ ಹೋದ ಹಾಗೆ. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎಂದೂ ಹೇಳಿರಲಿಲ್ಲ. ಕೆಲಸ ಮಾತ್ರ ಮುಗಿದಿರಬೇಕಿತ್ತು. ಅವರಲ್ಲಿ ಅದೊಂದು ಚೇಷ್ಟೆಯ ಮಾತೇ ಆಗಿತ್ತು: ಗಂಟಿ ಬಾರಿಸಿ ಬರ್ತೀನಿ.

ಅವತ್ತು ಹೊರಡುವಾಗ ಮಗಳು ಲಾಟೀನು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಬರ್ತೀಯೋ ಇಲ್ಲವೋ ಎಂದು ಜರ್ಮನ್‌ನಲ್ಲಿ ಕೇಳಿದಳು. ಅವನು ಕನ್ನಡದಲ್ಲಿ ಹೇಳಿದ.

“ಐದಕ್ಕ ಟಿಣ್ ಅನಿಸಿ ಸೀದಾ ಹೊರಗ ಬರ್ತೀನಿ. ಒಳಗ ಹೋಗಂಗಿಲ್ಲ.”

ಬರಲಿಲ್ಲ. ಬಸವೇಶ್ವರಿ ಮಗಳ ಕೈ ಹಿಡಿದು ಲಾಟೀನುಗಳ ಹಿಂದೆ ಓಣಿ ಸುತ್ತಿದಳು. ಹಾಡು ಬಾರದು, ಚಳಿ, ಉಳಿದ ಮಕ್ಕಳ ಅಪ್ಪಂದಿರು ಹೆಗಲ ಮೇಲೆ ಮಕ್ಕಳನ್ನು ಹೊತ್ತಿದ್ದರು. ಅವಳು ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಬೈದುಕೊಂಡೇ ಮಲಗಿದಳು. ಟ್ರ್ಯಾಮ್ ತಪ್ಪಿರಬೇಕು, ಸೋಫಾದ ಮೇಲೆ ಬಿದ್ದುಕೊಂಡಿರಬೇಕು, ಮುಂಜಾನೆ ಬರಲಿ, ರೊಟ್ಟಿ ಕೊಟ್ಟರೆ ಕೇಳಿ ಎಂದುಕೊಂಡಳು.

ಮುಂಜಾನೆ ಇಬ್ಬರು ಪೊಲೀಸರು ಬಂದರು. ಬಾಗಿಲು ತೆರೆದಾಗ ಅವಳ ಕೈಗೆ ಹಿಟ್ಟು ಮೆತ್ತಿತ್ತು. ಅವರಾಡಿದ್ದು ಅವಳಿಗೆ ತಿಳಿಯಲಿಲ್ಲ. ಮಗಳಿಗೆ ತಿಳಿಯಿತು. ಆಫೀಸಿನ ಕೆಲ್ಲರ್, ಅಂದರೆ ನೆಲಮಾಳಿಗೆಯ, ಮೆಟ್ಟಿಲಿನಿಂದ ಬಿದ್ದಿದ್ದಾನೆ, ತಲೆಗೆ ಪೆಟ್ಟಾಗಿ ಅಲ್ಲೇ ಹೋಗಿದ್ದಾನೆ, ಕಸ ಹೊಡೆಯುವ ಹೆಂಗಸು ಬೆಳಿಗ್ಗೆ ನೋಡಿದಳು. ಇಷ್ಟನ್ನೂ ಎಂಟು ವರ್ಷದ ಕೂಸು ತನ್ನ ತಾಯಿಗೆ ಹೇಳಬೇಕಾಯಿತು. ಯಾವ ಕೂಸಿಗೂ ಬರಬಾರದು ಆ ಕೆಲಸ.

ಅಲ್ಲಿನ ಮೆಟ್ಟಿಲ ದೀಪ ಒತ್ತಿದರೆ ಹತ್ತುತ್ತದೆ, ತುಸು ಹೊತ್ತಿಗೆ ತಾನೇ ಆರುತ್ತದೆ. ಕರೆಂಟು ಉಳಿಸುವುದಕ್ಕೆ. ಅವನು ಮೆಟ್ಟಿಲ ನಡುವೆ ಇದ್ದಾಗ ಆರಿತು.

ಅವರ ಮನೆತನದಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಕೊರಳಿಗೆ ಲಿಂಗ ಕಟ್ಟಿ, ಕಾಲು ಮಡಿಸಿ, ಧ್ಯಾನಕ್ಕೆ ಕೂತ ಹಾಗೆ. ಅಲ್ಲಿ ಪೆಟ್ಟಿಗೆಯಲ್ಲಿ ಮಲಗಿಸದೆ ಆಗುವುದಿಲ್ಲ ಎಂದರು. ಊರಿಗೆ ಒಯ್ಯುವಷ್ಟು ಗಂಟು ಇರಲಿಲ್ಲ. ಕೂತು ಮಣ್ಣಾಗಬೇಕಾದವನು ಮಲಗಿ ಮಣ್ಣಾದ. ಕಂಪನಿಯಿಂದ ಹೂವಿನ ದೊಡ್ಡ ಚಕ್ರ ಬಂತು. ಅದರ ಪಟ್ಟಿಯಲ್ಲಿ ಅವನ ಹೆಸರನ್ನು ತಪ್ಪಾಗಿ ಬರೆದಿದ್ದರು.

ಅಪಘಾತ ವಿಮೆಯ ಕಚೇರಿಯಿಂದ ಕಾಗದ ಬಂತು. ಕೆಲಸದಲ್ಲಿ ಸತ್ತವನ ಹೆಂಡತಿ ಮಕ್ಕಳಿಗೆ ಅಲ್ಲಿ ಜೀವನಕ್ಕೆ ಪಿಂಚಣಿ ಇದೆ. ಆದರೆ ಇವನು ಕೆಲಸದಲ್ಲಿ ಸತ್ತಿಲ್ಲ ಎಂದು ಕಂಪನಿ ತಿಳಿಸಿತ್ತು. ಮಗಳು ಓದಿ, ಅರ್ಥವಾಗುವಷ್ಟು ಹೇಳಿದಳು.

“ಪಪ್ಪಾಗ ಫೈಯರ್‌ಆಬೆಂಡ್ ಆಗಿತ್ತಂತ.”

ಫೈಯರ್‌ಆಬೆಂಡ್ ಎಂದರೆ ದಿನದ ಕೆಲಸ ಮುಗಿಯಿತು, ಇನ್ನು ನೀನು ನಿನ್ನ ಪಾಡಿಗೆ ಎಂದು. ಬಸವೇಶ್ವರಿಗೆ ಆ ಮಾತು ಗೊತ್ತಿತ್ತು. ಜರ್ಮನ್‌ನಲ್ಲಿ ಅವಳು ಮೊದಲು ಕಲಿತ ಮಾತೇ ಅದು, ಏಕೆಂದರೆ ಗಂಡನಿಗೆ ಅದು ಯಾವತ್ತೂ ಆಗುತ್ತಿರಲಿಲ್ಲ.

ಮಾರನೆಯ ದಿನ ಮಗಳನ್ನು ಎಳೆದುಕೊಂಡು ಕಂಪನಿಗೆ ಹೋದಳು. ಮಾಲೀಕ ಹೆರ್ ಫೋಗ್ಟ್ ಎದ್ದು ನಿಂತು ಕೈ ಕುಲುಕಿದ. ಅವಳಿಗೆ ಕಾಫಿ, ಕೂಸಿಗೆ ಚಾಕಲೇಟು ಕೊಟ್ಟ. ತಗ್ಗಿಸಿದ ದನಿಯಲ್ಲಿ ಮಾತಾಡಿದ. ಕಾರ್ಡಿನ ಲೆಕ್ಕ ತೋರಿಸಿದ. ಸಂಜೆ ಐದಕ್ಕೆ ಟಿಣ್. ಆಮೇಲೆ ಆತ ಏಕೆ ಉಳಿದನೋ ನಮಗೆ ತಿಳಿಯದು, ನಿಮ್ಮ ದೇಶದ ಹುಡುಗರು ಊರಿನವರ ಜತೆ ಮಾತಾಡುವುದಕ್ಕೆ ಆಫೀಸಿನ ಇಂಟರ್‌ನೆಟ್ ಬಳಸುತ್ತಾರೆ, ನಾವು ಕಂಡೂ ಕಾಣದ ಹಾಗಿದ್ದೆವು ಎಂದ. ಉಪಕಾರ ಮಾಡಿದವನ ಹಾಗೆ ಹೇಳಿದ.

“ಕೆಲ್ಲರ್‌ನ್ಯಾಗ ಇಳಿದು ಯಾರಿಗೆ ಫೋನ್ ಮಾಡಾಂವಿದ್ದ, ಕೇಳು ಅವನ್ನ,” ಎಂದಳು ಮಗಳಿಗೆ.

ಮಗಳು ಕೇಳಿದಳು. ನೆಲಮಾಳಿಗೆಗೆ ಏಕೆ ಇಳಿದನೋ ಅದೂ ತಿಳಿಯದು ಎಂದ ಫೋಗ್ಟ್. ಕಾಫಿ ಮುಟ್ಟದೆ ಎದ್ದಳು. ಹೊರಗೆ ಬರುವಾಗ ಆ ಪೆಟ್ಟಿಗೆಯನ್ನು ಮೊದಲ ಸಲ ಕಣ್ಣಾರೆ ಕಂಡಳು. ಅಂಗೈ ಅಗಲ ಇತ್ತು. ಅದರ ಮೇಲೆ ಉಗುಳಬೇಕು ಅನ್ನಿಸಿತು. ಮಗಳ ಕೈ ಹಿಡಿದಿದ್ದಳು, ಉಗುಳದೆ ಹೊರಟಳು.

ಗಂಡ ಐದಕ್ಕೆ ಟಿಣ್ ಅನಿಸಿದ್ದು ಖರೆ. ಲಾಟೀನಿಗೆ ಹೊರಟು ನಿಂತಿದ್ದೂ ಖರೆ ಇರಬೇಕು. ಮತ್ತೆ ಒಳಗೆ ಹೋದದ್ದೇಕೆ? ಅದು ಬಲ್ಲವನು ಒಬ್ಬನಿದ್ದ. ಮೈಸೂರಿನ ಸುಹಾಸ್, ಪಕ್ಕದ ಕುರ್ಚಿಯವನು, ಇನ್ನೂ ಲಗ್ನವಾಗದ ಹುಡುಗ. ಭಾನುವಾರ ಭಾನುವಾರ ಇವಳ ಮನೆಯಲ್ಲೇ ಅವನ ಊಟ. ಮಣ್ಣಿಗೆ ಬಂದು ಅತ್ತು ಹೋದವನು ಮತ್ತೆ ಮುಖ ತೋರಿಸಿರಲಿಲ್ಲ. ಲೂಯಿಸೆನ್‌ಪ್ಲಾಟ್ಸ್‌ನಲ್ಲಿ, ಟ್ರ್ಯಾಮುಗಳೆಲ್ಲ ಕೂಡುವ ಚೌಕದಲ್ಲಿ, ಅವಳು ಸಂಜೆ ಅವನನ್ನು ಹಿಡಿದಳು.

“ಅಕ್ಕಾ, ಪ್ಲೀಸ್. ಇಲ್ಲಿ ಬೇಡ.”

“ಮತ್ತೆಲ್ಲಿ? ಕೆಲ್ಲರ್‌ನ್ಯಾಗ?”

ಅವನು ಸುತ್ತ ನೋಡಿದ. “ನನ್ ಪರ್ಮಿಟ್ ಈ ಕಂಪನಿ ಹೆಸರಲ್ಲಿದೆ ಅಕ್ಕಾ. ಟಿಣ್ ಅನ್ನಿಸಿ ಒಳಗೆ ಕೂತಿದ್ವಿ ಅಂತ ಬಾಯಿ ಬಿಟ್ರೆ ನಾಳೆ ನಾನೂ ಬೀದಿಗೆ, ಮೂರು ತಿಂಗ್ಳಲ್ಲಿ ಮೈಸೂರಿಗೆ.”

“ಮೈಸೂರಿಗೆ ಹೋಗ್ತೀಯಲ್ಲಪಾ, ಜೀವಂತ. ಅವನ ತಾಟಿಗೆ ತಾಟು ಹಚ್ಚಿ ಉಂಡಿ. ಅವ ಬಿದ್ದಾಗ ನಿನ್ನ ಕಿವಿ ಏನಾಗಿದ್ದವು?”

ಸುಹಾಸ್ ಅತ್ತ. ಅವಳಿಗೆ ಕನಿಕರ ಬರಲಿಲ್ಲ. ಅಳುತ್ತಲೇ ಹೇಳಿದ್ದು ಇಷ್ಟು. ಮಹಾಲಿಂಗಪ್ಪ ಕೋಟು ಹಾಕಿಕೊಂಡು ಟಿಣ್ ಅನಿಸಿದ್ದ. ಆಗ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ತಿರುಗಿ ಬಂದು ಎತ್ತಿದ. ಒಬ್ಬ ಕ್ಯಾಪ್ಟನ್, ಬ್ರಾಂಡಿಸ್ ಅಂತ, ಮೊಂಬಾಸಾ ವಿಮಾನದ ತಾಸಿನ ಜಗಳ. ಹಳೆಯ ದಾಖಲೆಯ ಟೇಪುಗಳು ಕೆಳಗಿನ ಯಂತ್ರದ ಕೋಣೆಯಲ್ಲಿ. ಲೈನ್ ಹಿಡಿದಿಟ್ಟು, ನೋಡಿ ಬರ್ತೀನಿ ಎಂದು ಕೋಟಿನಲ್ಲೇ ಇಳಿದ. ಸುಹಾಸ್ ಆಮೇಲೆ ಬಹಳ ಹೊತ್ತು ಕೆಲಸ ಮಾಡಿ ಬ್ಯಾಗು ಏರಿಸಿಕೊಂಡು ಹೋದ. ಫೋನು ಮೇಜಿನ ಮೇಲೆ ಹಾಗೇ ಇತ್ತು. ಮಹಾಲಿಂಗಪ್ಪ ಕೆಳಗಿನಿಂದಲೇ ಲಾಟೀನಿಗೆ ಓಡಿರಬೇಕು ಎಂದುಕೊಂಡನಂತೆ.

“ಇಳಿದು ನೋಡಲಿಲ್ಲ?”

ಅವನು ತಲೆ ಆಡಿಸಿದ. ಇಲ್ಲ. ಟ್ರ್ಯಾಮ್ ಬಂತು, ಹತ್ತಿದ.

ಇನ್ನು ಸಾಕ್ಷಿ ಎಂದರೆ ಆ ಬ್ರಾಂಡಿಸ್ ಒಬ್ಬನೇ. ವಿಮಾನ ಕಂಪನಿಗೆ ಮಗಳಿಂದ ಫೋನ್ ಮಾಡಿಸಿದಳು. ಪೈಲಟ್‌ಗಳ ವಿಳಾಸ ಯಾರಿಗೂ ಕೊಡುವುದಿಲ್ಲ ಎಂದರು. ಸರಿ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಕರೆದೊಯ್ಯಲು ಬಂದ ಜನ ಹೆಸರು ಬರೆದ ರಟ್ಟು ಹಿಡಿದು ನಿಲ್ಲುವುದನ್ನು ಅವಳು ಬಂದ ದಿನವೇ ನೋಡಿದ್ದಳು. ಹಿಟ್ಟಿನ ಡಬ್ಬಿಯ ರಟ್ಟು ಹರಿದು ಮಗಳ ಕೈಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿಸಿದಳು: ಬ್ರಾಂಡಿಸ್. ಮೊಂಬಾಸಾ ವಿಮಾನ ವಾರಕ್ಕೊಮ್ಮೆ, ಶನಿವಾರ ಬರುತ್ತಿತ್ತು. ಶನಿವಾರ ಶನಿವಾರ ಮಗಳನ್ನು ಕರೆದುಕೊಂಡು ಹೋಗಿ ನಿಂತಳು. ಬಿಸಿಲಿಗೆ ಕೆಂಪಾದ ಮಂದಿ ಕಟ್ಟಿಗೆಯ ಜಿರಾಫೆ ಹಿಡಿದು ಹೊರಗೆ ಬರುತ್ತಿದ್ದರು. ಅವರ ಹಿಂದೆ ಸಮವಸ್ತ್ರದವರು. ರಟ್ಟು ಓದಿ ಮುಂದೆ ಹೋಗುತ್ತಿದ್ದರು. ಸೀರೆಯ ಮೇಲೆ ಗಂಡನ ಸ್ವೆಟರು ಹಾಕಿದ ಹೆಂಗಸನ್ನು ನೋಡಿ ಒಬ್ಬಳು ನಕ್ಕಳು. ನಗಲಿ.

ಕ್ರಿಸ್‌ಮಸ್ ಹತ್ತಿರ ಬಂದಾಗ ನರೆತ ಮೀಸೆಯವನೊಬ್ಬ ರಟ್ಟಿನ ಮುಂದೆ ನಿಂತು, ನಾನು ಟ್ಯಾಕ್ಸಿ ಹೇಳಿಲ್ಲವಲ್ಲ ಎಂದ.

ಮಗಳು ಹೇಳಿದಳು. ಅವಳು ಹೇಳುತ್ತ ಹೋದಂತೆ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ಅವನು ಹೇಳಿದ, ಮಗಳು ತಾಯಿಯ ಕಡೆ ತಿರುಗಿಸಿದಳು. ಮೊಂಬಾಸಾದಲ್ಲಿ ಅವನ ವಿಮಾನ ಬ್ರೇಕ್ ಬಿಟ್ಟು ಹೊರಟು, ಏನೋ ಕೆಂಪು ದೀಪ ಹತ್ತಿ, ಮತ್ತೆ ಹಿಂದೆ ಬಂದು ನಿಂತಿತ್ತು. ಬೇಗೆಯಲ್ಲಿ ಮಂದಿಯನ್ನು ಒಳಗಿಟ್ಟುಕೊಂಡು ಅರ್ಧ ದಿನ ಕೂತಿದ್ದರು. ಪಗಾರದ ಚೀಟಿಯಲ್ಲಿ ಎರಡನೆಯ ಸಲ ಬ್ರೇಕ್ ಬಿಟ್ಟಾಗಿನಿಂದ ತಾಸು ಹಿಡಿದಿದ್ದರು. ಆ ಸಂಜೆ ಇನ್ನೊಂದು ವಿಮಾನದಲ್ಲಿ, ಹೊರಡುವ ಮೊದಲು ಕಾಯುತ್ತ ಕೂತಿದ್ದಾಗ, ಸಿಟ್ಟಿಗೆ ಫೋನ್ ಮಾಡಿದ. ಹೆರ್ ಮಹಾ ಎತ್ತಿದ. ನೀವು ಹೇಳೋದೇ ಸರಿ, ಮಷಿನ್ ತಪ್ಪು, ಲೈನ್ ಮೇಲೆ ಇರಿ, ಕೆಳಗೆ ಹೋಗಿ ನೋಡಿ ಬರ್ತೀನಿ ಎಂದ. ಫೋನಿನಲ್ಲಿ ಸಂಗೀತ ಬಂತು. ಇವನು ಕಾದ. ಸಂಗೀತ ಸುತ್ತಿ ಸುತ್ತಿ ಬಂತು. ಅಷ್ಟರಲ್ಲಿ ವಿಮಾನ ತಳ್ಳುವ ಗಾಡಿ ಬಂತು. ಬ್ರೇಕ್ ಬಿಡಬೇಕಾಯಿತು.

“ಗಾಲಿ ಉರುಳಿತಂತ,” ಎಂದಳು ಮಗಳು. “ಫೋನ್ ಇಟ್ಟನಂತ. ಪಪ್ಪಾ ಮನೀಗೆ ಹೋದ ಅಂತ ತಿಳಿದು ಬೈದನಂತ.”

ಬಸವೇಶ್ವರಿಗೂ ಆ ಹೊತ್ತಿನಲ್ಲಿ ತಾನು ಬೈಯುತ್ತಿದ್ದುದು ನೆನಪಾಯಿತು. ಎಲ್ಲರೂ ಅವನನ್ನು ಬೈಯುತ್ತಿದ್ದರು. ಅವನು ಕತ್ತಲಲ್ಲಿ ಬಿದ್ದಿದ್ದ.

ಇದನ್ನು ಬರೆದು ಕೊಡುತ್ತಾನೇನು ಎಂದು ಕೇಳಿಸಿದಳು. ಬ್ರಾಂಡಿಸ್ ಹಿಂದೆಮುಂದೆ ನೋಡಿದ. ತನ್ನ ತಕರಾರು ಇನ್ನೂ ನಡೆದಿದೆ, ವಕೀಲರನ್ನು ಕೇಳಬೇಕು, ಫೋನಿನ ಮಾತು ಹೊರಗೆ ಬಂದರೆ ಕಂಪನಿ ಏನನ್ನುತ್ತದೋ ಎಂದ.

“ನಿನ್ನ ಪಗಾರ ಸರಿಮಾಡಾಕ ಹೋಗಿ ಸತ್ತಾನ ಅಂತ ಹೇಳು ಅವಗ.”

ಮಗಳು ಹೇಳಲಿಲ್ಲ. ನೆಲ ನೋಡುತ್ತ ನಿಂತಳು. ಅಷ್ಟೊತ್ತು ಎಲ್ಲವನ್ನೂ ತಿರುಗಿಸಿದ ಕೂಸು ಆ ಒಂದು ಮಾತನ್ನು ತನ್ನ ಹತ್ತಿರವೇ ಇಟ್ಟುಕೊಂಡಿತು. ಬ್ರಾಂಡಿಸ್ ಆ ಕೂಸನ್ನು ನೋಡಿದ, ತಾಯಿಯನ್ನು ನೋಡಿದ. ಏನು ತಿಳಿಯಿತೋ. ತನ್ನ ಪ್ರಯಾಣದ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಪೆನ್ನು ತೆಗೆದು, ಅದೇ ರಟ್ಟಿನ ಹಿಂದೆ ನಿಂತಲ್ಲೇ ಬರೆದು ಸಹಿ ಮಾಡಿದ. ವಿಮೆಯವರು ಕರೆದಾಗ ಹೋಗಿ ಅದನ್ನೇ ಬಾಯಿಯಲ್ಲೂ ಹೇಳಿದ. ಅಷ್ಟರ ಮಟ್ಟಿಗೆ ಗಂಡಸು.

ಬೇಸಿಗೆಗೆ ತೀರ್ಪಿನ ಕಾಗದ ಬಂತು. ಕೆಲಸದಲ್ಲೇ ಸತ್ತ ಎಂದು ಒಪ್ಪಿದರು. ಪಿಂಚಣಿ ಬಂತು, ಮಗಳ ಸಾಲೆ ನಡೆಯಿತು. ಆದರೆ ಕಾಗದದ ನಡುವೆ ಒಂದು ಸಾಲಿತ್ತು. ಕಂಪನಿ ಬರೆದುಕೊಟ್ಟಿದ್ದನ್ನು ಹಾಗೇ ಇಳಿಸಿದ್ದರು: ಕೆಲಸ ಮುಗಿದ ನಂತರ ಸ್ವಂತ ಇಚ್ಛೆಯಿಂದ ಮುಂದುವರಿಸಿದ ಕೆಲಸ. ಮಗಳಿಂದ ಆ ಸಾಲನ್ನು ಮತ್ತೆ ಮತ್ತೆ ಓದಿಸಿದಳು. ಸ್ವಂತ ಇಚ್ಛೆ. ಅವನ ಸ್ವಂತ ಇಚ್ಛೆ ಆ ಸಂಜೆ ಒಂದೇ ಇತ್ತು, ಲಾಟೀನು. ಕೋಟು ಹಾಕಿಕೊಂಡಿದ್ದ.

ಮುಂದಿನ ವರ್ಷ ಫೋಗ್ಟನ ಕಂಪನಿ ಮುಳುಗಿತು. ಬಾಯಿ ಮುಚ್ಚಿಕೊಂಡಿದ್ದರೂ ಸುಹಾಸನ ನೌಕರಿ ಉಳಿಯಲಿಲ್ಲ. ಹೊರಡುವ ಮುನ್ನ ಹೇಳಿ ಹೋಗಲು ಬಂದ. ಬಾಗಿಲಲ್ಲೇ ನಿಂತು ಕ್ಷಮಿಸಿ ಅಕ್ಕಾ ಎಂದ. ಅವಳು ಒಳಗೆ ಹೋಗಿ ಎರಡು ರೊಟ್ಟಿ ಸುತ್ತಿ ತಂದು ಕೈಗಿಟ್ಟಳು. ಹಸಿದವನಿಗೆ ರೊಟ್ಟಿ ಕೊಡಬೇಕು. ಅವನು ಕೇಳಿದ ಇನ್ನೊಂದನ್ನು ಕೊಡಲಿಲ್ಲ.

ಆ ಮೆಟ್ಟಿಲಲ್ಲಿ ದೀಪ ಏಕೆ ಆರಬೇಕು ಎಂದು ಯಾರೂ ಕೇಳಲಿಲ್ಲ. ತೀರ್ಪಿನಲ್ಲಿ ಅದು ಇರಲಿಲ್ಲ.

ಅವಳಿರುವ ಕಟ್ಟಡದಲ್ಲೂ ನೆಲಮಾಳಿಗೆಯ ಮೆಟ್ಟಿಲಿಗೆ ಅಂಥದೇ ದೀಪ. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳಿವೆ, ಎಲ್ಲರೂ ಇಳಿಯುತ್ತಾರೆ. ಮುಂಜಾನೆ ಹಿಟ್ಟು ನಾದುವ ಮೊದಲು ಬಸವೇಶ್ವರಿ ಕಸಬರಿಗೆ ಹಿಡಿದು ಹೋಗುತ್ತಾಳೆ. ದೀಪದ ಗುಂಡಿ ಒತ್ತುತ್ತಾಳೆ. ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ಗುಂಡಿಯ ಸಂದಿಯಲ್ಲಿ ಬಿಗಿಯಾಗಿ ತೂರುತ್ತಾಳೆ, ಅದು ಮೇಲೆ ಏಳದ ಹಾಗೆ. ಕರೆಂಟು ದಂಡ ಎಂದು ಮೇಲಿನ ಮುದುಕಿ ರಾತ್ರಿ ಅದನ್ನು ಕಿತ್ತು ಹಾಕುತ್ತಾಳೆ. ಕಿತ್ತು ಹಾಕಲಿ. ಕಸಬರಿಗೆಯಲ್ಲಿ ಕಡ್ಡಿ ಬೇಕಾದಷ್ಟಿವೆ. ಮೇಲಿನಿಂದ ಕೆಳತನಕ ಮೆಟ್ಟಿಲು ಗುಡಿಸಿ, ತಿರುಗಿ ನೋಡಿ, ಬೆಳಕು ಹಾಗೇ ಇದೆ ಎಂದಾದ ಮೇಲೆ ಹತ್ತಿ ಬಂದು ಹಂಚು ಇಡುತ್ತಾಳೆ.